ವೇಸ್ಟೇಜ್ ಹೋಗಿದ್ದೆಲ್ಲಿಗೆ? ನಗರ್ತಪೇಟೆಯ ಒಂದು ಚಿನ್ನದ ವರ್ಕ್‌ಶಾಪ್

ಎರಡು ವರ್ಷದ ಹಿಂದೆ ಒಂದು ದೊಡ್ಡ ಶೋರೂಮಿನಲ್ಲಿ 20 ಗ್ರಾಮಿನ ಸರ ಕೊಂಡಿದ್ದೆ. ಬಿಲ್ಲಿನಲ್ಲಿ 16% ವೇಸ್ಟೇಜ್. ಅಂದರೆ 3.2 ಗ್ರಾಮ್ ಚಿನ್ನಕ್ಕೆ ದುಡ್ಡು ಕೊಟ್ಟೆ, ಅದು ನನ್ನ ಕೊರಳಿಗೆ ಬರಲಿಲ್ಲ. ಎಲ್ಲಿ ಹೋಯ್ತಪ್ಪಾ ಅಂತ ಕೇಳಿದರೆ, "ಮಾಡುವಾಗ ಹೋಗುತ್ತೆ ಮೇಡಂ" ಅಂದ ಕೌಂಟರಿನ ಹುಡುಗ ಜ್ಯೂಸ್ ತರಿಸಿಕೊಟ್ಟ.

ಈ ಸಲ ಅಮ್ಮನ ಎರಡು ಹಳೆ ಬಳೆ ಕರಗಿಸಿ ಸರ ಮಾಡಿಸಬೇಕಿತ್ತು. ನಾದಿನಿ ಬೆಂಗಳೂರಿನ ನಗರ್ತಪೇಟೆಯ ಒಂದು ವರ್ಕ್‌ಶಾಪಿಗೆ ಕರೆದುಕೊಂಡು ಹೋದಳು. ಬೋರ್ಡಿಲ್ಲ. ಎರಡನೇ ಮಹಡಿ, ಮೆಟ್ಟಿಲು ಕಡಿದು. ಮಂಡಿನೋವಿನವರು ಯೋಚಿಸಿ ಹೋಗಿ. ಒಳಗೆ ಒಬ್ಬ ಆಚಾರ್ರು, ಆರು ಜನ ಕೆಲಸಗಾರರು. ಅವರಲ್ಲಿ ನಾಲ್ವರು ಬಂಗಾಳದ ಹುಡುಗರು.

ಮೊದಲು ಚಿನ್ನದ ಶುದ್ಧತೆ ಅಳೆಯುವ ಕ್ಯಾರೆಟೋಮೀಟರಿನಲ್ಲಿ ಬಳೆ ಇಟ್ಟರು. 22 ಕ್ಯಾರೆಟ್ ಅಂದರೆ ನೂರಕ್ಕೆ 91.6 ಭಾಗ ಚಿನ್ನ ಬರಬೇಕು. ಬಂದದ್ದು 88.6. "ಇದು ಮೇಲ್ಮೈ ಮಾತ್ರ ಓದುತ್ತೆ ಅಮ್ಮಾ, ಒಳಗಿನ ಬೆಸುಗೆ ಕಾಣಲ್ಲ. ಕರಗಿಸಿದರೆ ಇನ್ನೂ ಇಳಿಯುತ್ತೆ" ಅಂದರು. ನನ್ನ ಕಣ್ಣೆದುರೇ ಮೂಸೆಗೆ ಹಾಕಿ ಕರಗಿಸಿದರು. 31.4 ಗ್ರಾಮ್ ಇದ್ದದ್ದು 31.1 ಆಯ್ತು, ಟಚ್ (ಶುದ್ಧತೆ) 87.9. ಅಮ್ಮನಿಗೆ ಅಂದು ಬಳೆ ಮಾರಿದವರನ್ನು ಮನಸ್ಸಿನಲ್ಲೇ ಬೈದುಕೊಂಡೆ. ಲೆಕ್ಕ ಬರೆದು ತೋರಿಸಿದರು: 22 ಕ್ಯಾರೆಟಿಗೆ ತಂದರೆ 29.84 ಗ್ರಾಮ್. ಸರ 28 ಗ್ರಾಮ್, ವೇಸ್ಟೇಜ್ 4%, ಅಂದರೆ 1.12. ಉಳಿದ 720 ಮಿಲಿ (ಮಿಲಿಗ್ರಾಮ್) ವಾಪಸ್. ಮಜೂರಿ ಬೇರೆ.

ಇಲ್ಲಿ ಹೇಗೆ 4% ಅಂತ ಕೇಳಿದ್ದೇ ತಡ, ಆಚಾರ್ರು ಎದ್ದು ಇಡೀ ಜಾಗ ತೋರಿಸಿದರು. ಅರ ಉಜ್ಜುವಾಗ ಬೀಳುವ ಪುಡಿಗೆ ಮರದ ತಟ್ಟೆ. ಪಾಲಿಶ್ ಮೆಷಿನ್ನಿಗೆ ದೂಳು ಎಳೆಯುವ ಡಬ್ಬ. ಕೈ ತೊಳೆದ ನೀರು ಚರಂಡಿಗೆ ಹೋಗುವುದಿಲ್ಲ, ಒಂದು ಡ್ರಮ್ಮಿನಲ್ಲಿ ತಳ ಕಟ್ಟುತ್ತೆ. ದಿನಕ್ಕೆ ಎರಡು ಸಲ ಗುಡಿಸಿದ ಕಸ ಗೋಣಿಚೀಲಕ್ಕೆ. ಸವೆದ ಎಮರಿ ಪೇಪರ್, ಬಫ್ ಬಟ್ಟೆ, ಒಡೆದ ಮೂಸೆ, ಹಳೇ ಚಾಪೆ ಕೂಡ ಅದೇ ಚೀಲಕ್ಕೆ. ಎಲ್ಲರ ಮನೆಯಲ್ಲೂ ಒಳಗೆ ಬರುವಾಗ ಕಾಲೊರೆಸಿಕೊಳ್ಳಿ ಅಂತಾರೆ. ಇಲ್ಲಿ ಹೋಗುವಾಗ ಒರೆಸಿಕೊಳ್ಳಿ ಅಂದರು!

ಆ ಚೀಲವನ್ನು ಸುಟ್ಟು, ಬೂದಿ ಜರಡಿ ಹಿಡಿದು, ಅಯಸ್ಕಾಂತ ಆಡಿಸಿ ಕಬ್ಬಿಣದ ಪುಡಿ ತೆಗೆದು, ನೀರಿನಲ್ಲಿ ತೊಳೆದರೆ ತಳದಲ್ಲಿ ಚಿನ್ನ ಉಳಿಯುತ್ತೆ. ಮೊದಲೆಲ್ಲ ಪಾದರಸ ಹಾಕಿ ಹಿಡಿಯುತ್ತಿದ್ದರಂತೆ. ಆಮೇಲೆ ಅದನ್ನು ಕಾಯಿಸಿ ಆವಿ ಮಾಡಬೇಕು, ಆ ಹೊಗೆ ಕುಡಿದವರ ಗತಿ ದೇವರೇ ಬಲ್ಲ. ಇವರು ಪಾದರಸ ಮುಟ್ಟುವುದಿಲ್ಲ ಅಂದರು. 'ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ' ಅಂತ ನಮ್ಮಜ್ಜಿ ಹೇಳುತ್ತಿದ್ದರು. ಈ ಆಚಾರ್ರು ನೆಲದ ಕಸವನ್ನೂ ಬಿಡಲ್ಲ, ಆದರೆ ಅದನ್ನು ನನ್ನ ಬಿಲ್ಲಿನಲ್ಲಿ ಕಳೆದು ತೋರಿಸಿದರು.

ಇಷ್ಟಕ್ಕೇ ಐದು ಸ್ಟಾರ್ ಕೊಡುತ್ತಿದ್ದೆ. ಆದರೆ ನಾನು ಕೆಜಿಎಫ್‌ನಲ್ಲಿ ಬೆಳೆದವಳು. ಸೈನೈಡಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಮರಳನ್ನು ಅಲ್ಲೇ ದಿಬ್ಬ ಹಾಕಿದ್ದರು. ಗಣಿ 2001ರಲ್ಲಿ ಮುಚ್ಚಿತು, ದಿಬ್ಬ ಉಳಿಯಿತು. ಗಾಳಿ ಎದ್ದರೆ ಒಣಹಾಕಿದ ಬಟ್ಟೆ ಮೇಲೆಲ್ಲ ದೂಳು, ಅಮ್ಮ ಎರಡನೇ ಸಲ ಒಗೆಯುತ್ತಿದ್ದಳು. ಹಾಗಾಗಿ ಚಿನ್ನ ಶುದ್ಧ ಮಾಡೋದು ಎಲ್ಲಿ ಅಂತ ಬಿಡದೆ ಕೇಳಿದೆ. ಪಕ್ಕದ ಗಲ್ಲಿಗೆ ಒಬ್ಬ ಹುಡುಗನನ್ನು ಜೊತೆ ಮಾಡಿ ಕಳಿಸಿದರು.

ಚಿಕ್ಕ ಕೋಣೆ. ಚಿನ್ನಕ್ಕೆ ಬೆಳ್ಳಿ ಬೆರೆಸಿ ನೈಟ್ರಿಕ್ ಆಸಿಡ್ಡಿಗೆ ಹಾಕುತ್ತಾರೆ. ಬೆಳ್ಳಿ, ತಾಮ್ರ ಕರಗಿ ಚಿನ್ನ ಕಂದು ಪುಡಿಯಾಗಿ ಉಳಿಯುತ್ತೆ. ಏಳುವ ಕೆಂಪು ಹೊಗೆಯನ್ನು ಪೈಪಿನಲ್ಲಿ ಕಾಸ್ಟಿಕ್ ಸೋಡಾ ನೀರಿಗೆ ಬಿಡುತ್ತಾರೆ. ಆದರೂ ಗಂಟಲು ಕೆರೆಯಿತು. ಉಳಿದ ದ್ರವದಲ್ಲಿ ತಾಮ್ರದ ಪಟ್ಟಿ ಇಳಿಬಿಟ್ಟರೆ ಬೆಳ್ಳಿ ಬಂದು ಅದಕ್ಕೆ ಕೂರುತ್ತೆ, ನೋಡೋಕೆ ಚೆಂದ. ಅಂದರೆ ಚಿನ್ನ ವಾಪಸ್, ಬೆಳ್ಳಿ ವಾಪಸ್. ಕೊನೆಗೆ ಉಳಿಯೋದು ತಾಮ್ರ ತುಂಬಿದ ನೀಲಿ ನೀರು. ಮಾರಿದರೆ ಅದಕ್ಕೆ ಜಾಸ್ತಿ ಏನೂ ಸಿಗಲ್ಲ, ಅಲ್ವಾ? ಆ ಡ್ರಮ್ ಎಲ್ಲಿಗೆ ಹೋಗುತ್ತೆ ಅಂದೆ. "ಗಾಡಿ ಬಂದು ಒಯ್ಯುತ್ತೆ" ಅಂದರು. ರಸೀದಿ ಇದೆಯಾ ಅಂದರೆ ನಕ್ಕು ಸುಮ್ಮನಾದರು. ಡ್ರಮ್ಮಿನ ಪಕ್ಕದಲ್ಲೇ ಚರಂಡಿಯ ಜಾಲರಿ ಇತ್ತು. ಅದರ ಕಬ್ಬಿಣ ಯಾಕೋ ತಿಂದು ಹೋಗಿತ್ತು.

ಸರ ನಾಲ್ಕು ದಿನ ತಡವಾಗಿ ಬಂತು, ಹಾಲ್‌ಮಾರ್ಕ್ ಸೆಂಟರಿನಲ್ಲಿ ರಶ್ಶಂತೆ. ಹಾಲ್‌ಮಾರ್ಕ್ ಆದ ಒಡವೆಗೆ ಕೊಡುವ ಆರಕ್ಷರದ ಎಚ್‌ಯುಐಡಿ ಗುರುತಿನ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿದೆ, ಸರಿಯಾಗಿದೆ. ಕೆಲಸ ನಯವಾಗಿದೆ, ಕೊಂಡಿ ಮಾತ್ರ ಸ್ವಲ್ಪ ಬಿಗಿ. 720 ಮಿಲಿ ಚಿನ್ನವನ್ನು ಪುಟ್ಟ ಕವರಿನಲ್ಲಿ, ತೂಕ ಬರೆದು ಕೊಟ್ಟರು.

ವರ್ಕ್‌ಶಾಪಿಗೆ ಐದಕ್ಕೆ ನಾಲ್ಕೂವರೆ. ಗಲ್ಲಿಯ ಕೋಣೆಗೆ ಎರಡು. ಹಬ್ಬ ಕಳೆದ ಮೇಲೆ ಓಲೆ ಮಾಡಿಸಲು ಮತ್ತೆ ಅಲ್ಲಿಗೇ ಹೋಗುತ್ತೇನೆ. ನೀಲಿ ನೀರಿನ ರಸೀದಿ ತರಿಸಿಡಿ ಅಂತ ಆಚಾರ್ರಿಗೆ ಈಗಲೇ ಹೇಳಿ ಬಂದಿದ್ದೇನೆ.