ಹಳೆಯ ಕಾರಿಗೆ ‘ಪೂರ್ತಿ ಹೊಸ ವೈರಿಂಗ್’ ಹಾಕಿಸುವ ಮುನ್ನ ಇದನ್ನು ಓದಿ

ಲೈಟು ಮಂಕಾಗಿದೆ, ಇಂಡಿಕೇಟರ್ ಸರಿಯಾಗಿ ಮಿನುಗುತ್ತಿಲ್ಲ ಎಂದು ಹಳೆಯ ಕಾರಿಗೆ ಎಲೆಕ್ಟ್ರಿಷಿಯನ್ ಹುಡುಕುತ್ತಿದ್ದೀರಾ? ಬಾನೆಟ್ ಎತ್ತಿ ಒಮ್ಮೆ ಇಣುಕಿ, ವೋಲ್ಟೇಜ್ ಅಳೆಯುವ ಮೀಟರನ್ನು ಕೈಯಲ್ಲೂ ಹಿಡಿಯದೆ ‘ವೈರಿಂಗ್ ಪೂರ್ತಿ ಹೋಗಿದೆ, ಕಿಟ್ಟೇ ಬದಲಿಸಬೇಕು’ ಎನ್ನುವವನಿಗೆ ಗಾಡಿ ಕೊಡಬೇಡಿ. ಕೊಡಲೇಬೇಡಿ. ನಾನು ಕೊಟ್ಟು ಅನುಭವಿಸಿದ್ದೇನೆ. ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ನನ್ನದು 1964ರ ಮೋರಿಸ್ ಮೈನರ್. ಇದ್ದ ತೊಂದರೆ ಎರಡೇ. ಹೆಡ್‌ಲೈಟ್ ಮಂಕು. ಇನ್ನೊಂದು, ಇಂಡಿಕೇಟರ್ ಹಾಕಿ ಬ್ರೇಕ್ ತುಳಿದರೆ ಹಿಂದಿನ ಬಲಗಡೆಯ ಇಂಡಿಕೇಟರ್ ಸೊರಗಿ, ಅದರ ಬದಲು ಪಕ್ಕದ ಟೈಲ್ ಲೈಟ್ ಮಿನುಗುತ್ತಿತ್ತು. ಹಳೆಯ ಗಾಡಿಗಳ ಒಡನಾಟ ಇರುವವರು ಇಷ್ಟು ಕೇಳಿದರೇ ‘ಅರ್ಥಿಂಗ್ ನೋಡಿ’ ಎನ್ನುತ್ತಾರೆ. ಲ್ಯಾಂಪಿನ ಕರೆಂಟ್ ವಾಪಸ್ ಹೋಗುವುದು ಕಾರಿನ ಬಾಡಿಯ ಮೂಲಕ. ಆ ದಾರಿಗೆ ತುಕ್ಕು ಹಿಡಿದರೆ ಕರೆಂಟ್ ಪಕ್ಕದ ಬಲ್ಬಿನೊಳಗೆ ನುಗ್ಗಿ ದಾರಿ ಮಾಡಿಕೊಳ್ಳುತ್ತದೆ. ನಾನೂ ಅದನ್ನೇ ಹೇಳಿದೆ. ಎಲೆಕ್ಟ್ರಿಷಿಯನ್ ನಕ್ಕ.

‘ಸರ್, ಅರ್ಥಿಂಗ್ ಎಲ್ಲ ಹೊಸ ಗಾಡಿಗಳಲ್ಲಿ ನೋಡುವುದು. ಇದು ಅಜ್ಜನ ಕಾಲದ ವೈರು, ಒಳಗೆ ಪುಡಿಪುಡಿಯಾಗಿರುತ್ತದೆ. ದಾರಿಯಲ್ಲಿ ಹೊತ್ತಿಕೊಂಡರೆ? ಹೆಂಡತಿ ಮಕ್ಕಳು ಒಳಗೆ ಕುಳಿತಿರುತ್ತಾರೆ, ಯೋಚನೆ ಮಾಡಿ.’

ಬೆಂಕಿಯ ಮಾತು ಬಂದ ಮೇಲೆ ಯಾರು ತಾನೇ ವಾದ ಮಾಡುತ್ತಾರೆ? ಅದರಲ್ಲಿ ಅರ್ಧ ಸತ್ಯವೂ ಇತ್ತು, ಸಿಟ್ಟು ಬರುವುದೂ ಅದಕ್ಕೇ. ಈ ಕಾರಿಗೆ ಇರುವುದೇ ಎರಡು ಫ್ಯೂಸ್. ಹೆಡ್‌ಲೈಟಿಗೆ ಫ್ಯೂಸೇ ಇಲ್ಲ. ಆ ವೈರು ಎಲ್ಲಾದರೂ ಉಜ್ಜಿ ಬಾಡಿಗೆ ತಗುಲಿದರೆ ನಿಜಕ್ಕೂ ಹೊತ್ತಿಕೊಳ್ಳಬಹುದು. ಆತನಿಗೆ ಇದು ಚೆನ್ನಾಗಿ ಗೊತ್ತಿತ್ತು, ನನ್ನನ್ನು ಹೆದರಿಸುವುದಕ್ಕೆ ಬಳಸಿಕೊಂಡ. ಒಂದು ವೈರಿನ ತುಂಡನ್ನೂ ತಂದು ನನ್ನೆದುರೇ ಬಗ್ಗಿಸಿದ. ಹೊದಿಕೆ ಪಟಪಟನೆ ಒಡೆದು ಉದುರಿತು. ‘ನೋಡಿದಿರಾ ಸರ್, ನಿಮ್ಮದೇ ಗಾಡಿಯದು.’ ಅದು ಗುಲಾಬಿ ಬಣ್ಣದ ವೈರು. ಆಮೇಲೆ ಆ ಕಾರಿನ ವೈರಿಂಗ್ ನಕ್ಷೆ ಹಿಡಿದು ಕುಳಿತೆ. ಬ್ಯಾಟರಿಯಿಂದ ನೇರ ಬರುವುದು ಕಂದು, ಇಗ್ನಿಷನ್ ಸ್ವಿಚ್ಚಿನಿಂದ ಬರುವುದು ಬಿಳಿ, ಫ್ಯೂಸ್ ದಾಟಿದ ಮೇಲೆ ಹಸಿರು, ಹೆಡ್‌ಲೈಟಿಗೆ ನೀಲಿ, ಪಾರ್ಕಿಂಗ್ ಲೈಟಿಗೆ ಕೆಂಪು, ಅರ್ಥಿಂಗ್‌ಗೆ ಕಪ್ಪು. ಗುಲಾಬಿ ಎಲ್ಲಿಯೂ ಇಲ್ಲ! ಯಾವ ಗಾಡಿಯ ತುಂಡೋ, ಎಷ್ಟು ಜನರೆದುರು ಬಗ್ಗಿಸಿ ತೋರಿಸಿದ್ದಾನೋ.

ನಾಳೆ ನಾಡಿದ್ದು ಎಂದು ವಾರಗಟ್ಟಲೆ ಅಲೆದಾಡಿಸಿದ್ದನ್ನು ಬಿಟ್ಟುಬಿಡೋಣ, ಅದು ಎಲ್ಲರಿಗೂ ಗೊತ್ತಿರುವುದೇ. ಗಾಡಿ ಕೈಗೆ ಬಂದ ದಿನ ಬಾನೆಟ್ ಎತ್ತಿದರೆ ಕಣ್ಣಿಗೆ ಹಬ್ಬ. ಹಳೆಯ ಕಾಲದಂತೆಯೇ ಬಟ್ಟೆ ಹೆಣೆದ ಹೊದಿಕೆ, ಅಂಚುಗಳೆಲ್ಲ ನೀಟು. ಹೆಡ್‌ಲೈಟ್ ಹಾಕಿದರೆ ಎದುರಿನ ಗೋಡೆ ಬೆಳ್ಳಗಾಯಿತು. ಹಣ ಎಣಿಸಿ ಕೊಟ್ಟೆ. ಬಿಲ್ಲಿನಲ್ಲಿ ‘ಪೂರ್ತಿ ಹೊಸ ವೈರಿಂಗ್ ಕಿಟ್’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದ. ಆ ಬಿಲ್ಲನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ರಾತ್ರಿ ಸ್ವಲ್ಪ ದೂರ ಓಡಿಸಿದಾಗ ಬೇಕಲೈಟ್ ಸುಟ್ಟ ವಾಸನೆ ಬಂತು. ಈ ಕಾರಿನಲ್ಲಿ ಡಿಪ್ಪರ್ ಸ್ವಿಚ್ ಎಡಗಾಲಿನ ಬಳಿ ನೆಲದ ಮೇಲಿದೆ, ಕಾಲಿನಿಂದ ಒತ್ತಬೇಕು. ಅದರ ಬಿಸಿ ಚಪ್ಪಲಿಯ ಅಟ್ಟೆ ದಾಟಿ ಪಾದಕ್ಕೆ ತಾಗುತ್ತಿತ್ತು. ಗಾಡಿ ನಿಲ್ಲಿಸಿ ಫೋನ್ ಮಾಡಿದೆ. ಬಂದ ಉತ್ತರ:

‘ಹೊಸ ವೈರು ಅಲ್ಲವೇ ಸರ್, ಸ್ವಲ್ಪ ದಿನ ಬಿಸಿ ಇರುತ್ತದೆ. ಸೆಟ್ ಆಗಬೇಕು.’

ವೈರು ಸೆಟ್ ಆಗುವುದು ಎಂದರೇನು? ಅದೇನು ಕಾಂಕ್ರೀಟೇ? ಮನೆಗೆ ಬಂದು ಹೆಡ್‌ಲೈಟ್ ಬಿಚ್ಚಿದರೆ ಒಳಗೆ 100/90 ವಾಟ್ (ಹೈ ಬೀಮಿಗೆ 100, ಡಿಪ್ಪಿಗೆ 90) ಬಲ್ಬು! ಇದ್ದದ್ದಕ್ಕಿಂತ ಸುಮಾರು ಎರಡು ಪಟ್ಟು. ಎರಡು ಬಲ್ಬಿಗೆ 200 ವಾಟ್, ಅಂದರೆ 12 ವೋಲ್ಟಿನಲ್ಲಿ ಹತ್ತಿರ ಹತ್ತಿರ 17 ಆಂಪಿಯರ್. ದೊಡ್ಡ ಕರೆಂಟನ್ನು ತಾನು ಹೊತ್ತು ಸ್ವಿಚ್ಚಿನ ಹೊರೆ ಇಳಿಸುವ ರಿಲೇ ಇಲ್ಲ. ಅಷ್ಟೂ ಕರೆಂಟ್ ಅದೇ ಹಳೆಯ ಸ್ವಿಚ್ಚುಗಳ ಮೂಲಕವೇ ಹರಿಯಬೇಕು. ಈ ಕಾರಿನ ಡೈನಮೊ ಮೈಯೆಲ್ಲ ಬಳಲಿಸಿ ದುಡಿದರೂ ಕೊಡುವುದು 22 ಆಂಪಿಯರ್. ಮಂಕಿಗೆ ಕಾರಣ ಹುಡುಕುವ ಗೋಜಿಗೇ ಹೋಗದೆ ದೊಡ್ಡ ಬಲ್ಬು ಸಿಕ್ಕಿಸಿ ಕೈತೊಳೆದುಕೊಂಡಿದ್ದ. ಬೆಂಕಿಯ ಭಯ ಹುಟ್ಟಿಸಿದವನೇ ಬೆಂಕಿಗೆ ಏರ್ಪಾಡು ಮಾಡಿ ಕಳಿಸಿದ್ದ.

ಇತ್ತ ಬ್ರೇಕ್ ತುಳಿದರೆ ಇಂಡಿಕೇಟರ್ ಸೊರಗುವುದು ಹಾಗೆಯೇ ಇತ್ತು. ಎಳ್ಳಷ್ಟೂ ಬದಲಾಗಿರಲಿಲ್ಲ. ‘ಅದು ಬಲ್ಬಿನ ದೋಷ ಸರ್’ ಎಂದ.

ಆಗ ಕಾರ್ಪೆಟ್ ಎತ್ತಿದೆ. ಎಂಜಿನ್ ಕಡೆಯಿಂದ ಬಂದ ಹೊಸ ಹೊದಿಕೆ ಒಳಗೆ ಗೇಣುದ್ದ ಬಂದು ನಿಂತುಬಿಟ್ಟಿದೆ. ಅಲ್ಲಿ ಕಪ್ಪು ಟೇಪಿನ ಗಂಟು. ಗಂಟಿನ ಆಚೆ ನನ್ನ ಹಳೆಯ ವೈರು, ಅದೇ ಧೂಳು, ಅದೇ ಬಣ್ಣ. ಟೇಪು ಸುಲಿಯುತ್ತಾ ಹೋದಂತೆ ಅದರ ಗೋಂದು ಬೆರಳಿಗೆ ಅಂಟುತ್ತಿತ್ತು. ಒಳಗೆ ಬೆಸುಗೆ ಇಲ್ಲ, ಕನೆಕ್ಟರ್ ಇಲ್ಲ. ತಾಮ್ರದ ಎಳೆಗಳನ್ನು ಬೆರಳಲ್ಲಿ ತಿರುಚಿ ಬಿಟ್ಟಿದ್ದಾನೆ. ಎಲ್ಲ ಜೋಡಣೆಗೂ ಒಂದೇ ಕೆಂಪು ವೈರು, ಯಾವುದು ಬ್ರೇಕಿಗೆ, ಯಾವುದು ಇಂಡಿಕೇಟರಿಗೆ ಎಂದು ದೇವರೇ ಹೇಳಬೇಕು.

ಅಲ್ಲಿಗೇ ಮುಗಿದಿದ್ದರೆ ಅರ್ಧ ಕೆಲಸವಾದರೂ ಆಗಿದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅನುಮಾನ ಬಂದು ಬಾನೆಟ್ಟಿನ ಅಡಿಯ ಆ ಚೆಂದದ ಹೊದಿಕೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಳಗಿದ್ದದ್ದು ನನ್ನದೇ ಹಳೆಯ ನೀಲಿ-ಬಿಳಿ ವೈರು, ನನ್ನದೇ ಹಳೆಯ ನೀಲಿ-ಕೆಂಪು ವೈರು. ವೈರು ಬದಲಿಸಿಯೇ ಇಲ್ಲ! ಖಾಲಿ ಹೊದಿಕೆ ತಂದು ಹಳೆಯ ವೈರಿಗೆ ತೊಡಿಸಿದ್ದಾನೆ. ಬ್ಲೇಡು ಕೈಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ಹಾಗೇ ನಿಂತಿದ್ದೆ. ಗೆಳೆಯರನ್ನೆಲ್ಲ ಕರೆದು ಬಾನೆಟ್ ಎತ್ತಿ ‘ಕೆಲಸ ಎಂದರೆ ಇದು’ ಎಂದು ತೋರಿಸಿದ್ದು ನೆನಪಾಗಿ ಮುಖ ಬಿಸಿಯಾಯಿತು.

ಫೋಟೊ ಕಳಿಸಿದೆ. ಉತ್ತರಗಳನ್ನು ಬಂದ ಹಾಗೆಯೇ ಕೊಡುತ್ತೇನೆ.

‘ಅದು ಜಾಯಿಂಟ್ ಸರ್, ಎಲ್ಲ ಗಾಡಿಗಳಲ್ಲೂ ಇರುತ್ತದೆ.’

ಹೊದಿಕೆಯೊಳಗೆ ಹಳೆಯ ವೈರು ಏಕಿದೆ ಎಂದೆ.

‘ಒಳಗಿನ ವೈರು ಗಟ್ಟಿಮುಟ್ಟಾಗಿತ್ತು ಸರ್. ಸುಮ್ಮನೆ ಏಕೆ ಕತ್ತರಿಸುವುದು ಎಂದು ಬಿಟ್ಟೆ.’

ಗಟ್ಟಿಮುಟ್ಟಾಗಿತ್ತಂತೆ! ಪುಡಿಪುಡಿಯಾಗಿದೆ ಎಂದವನು ಇವನೇ. ಹೆಂಡತಿ ಮಕ್ಕಳ ಹೆಸರೆತ್ತಿದವನು ಇವನೇ. ಹಾಗಾದರೆ ಕಿಟ್ಟಿಗೆಂದು ತೆಗೆದುಕೊಂಡ ಹಣ ವಾಪಸ್ ಕೊಡಿ ಎಂದೆ.

‘ಲೇಬರ್ ಇರುತ್ತದಲ್ಲ ಸರ್. ನೀವು ಓದಿದವರು, ಇಷ್ಟಕ್ಕೆಲ್ಲ ಜಗಳ ಆಡಬಾರದು.’

ಈ ಕೊನೆಯ ಮಾತು ಹಣಕ್ಕಿಂತ ಹೆಚ್ಚು ಚುಚ್ಚಿತು. ಮೋಸ ಮಾಡಿದವನು ಮರ್ಯಾದೆಯ ಪಾಠ ಹೇಳುತ್ತಾನೆ.

ಇನ್ನೂ ಒಂದಿದೆ. ಈ ಕಾರು ಪಾಸಿಟಿವ್ ಅರ್ಥಿಂಗ್‌ನದು, ಅಂದರೆ ಬ್ಯಾಟರಿಯ ಪ್ಲಸ್ ತುದಿಯೇ ಬಾಡಿಗೆ ಸೇರುತ್ತದೆ. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಇದು ಮಾಮೂಲು. ಆತ ಮೀಟರ್ ಬೋರ್ಡಿಗೆ ಎಲ್‌ಇಡಿ ಹಾಕಿದ್ದ, ಅವು ಉರಿದಿಲ್ಲ. ಅದಕ್ಕೆ ಬ್ಯಾಟರಿಯನ್ನೇ ತಿರುಗಿಸಿ ಇಟ್ಟಿದ್ದ, ನನಗೆ ಒಂದು ಮಾತೂ ಹೇಳದೆ. ಪ್ಲಸ್ ಕಂಬ ದಪ್ಪ, ಮೈನಸ್ ಕಂಬ ಸಣ್ಣ. ದಪ್ಪ ಕಂಬದ ಕ್ಲಾಂಪು ಸಣ್ಣ ಕಂಬಕ್ಕೆ ಸಡಿಲವಾಗುತ್ತದೆಂದು ನಡುವೆ ತಗಡಿನ ಚೂರು ಮಡಿಸಿ ತುರುಕಿದ್ದಾನೆ. ಹೀಗೆ ತಿರುಗಿಸಿದರೆ ಡೈನಮೊದ ಧ್ರುವವನ್ನೂ ಬದಲಿಸಬೇಕು. ಅದರ ಎಫ್ ಟರ್ಮಿನಲ್ಲಿಗೆ ಬ್ಯಾಟರಿಯ ವೈರನ್ನು ಕ್ಷಣಕಾಲ ಮುಟ್ಟಿಸಿದರೆ ಆಗುವ ಕೆಲಸ, ಅದನ್ನೂ ಮಾಡಿಲ್ಲ. ಡೈನಮೊವನ್ನು ಬ್ಯಾಟರಿಗೆ ಕೂಡಿಸಿ ಬಿಡಿಸುವ ಕಟೌಟ್‌ನ ಪಾಯಿಂಟುಗಳು ಸುಟ್ಟು ಕರಕಲಾಗಿ ಬ್ಯಾಟರಿ ಕುಳಿತುಬಿಟ್ಟಿತು. ‘ಬ್ಯಾಟರಿ ಹಳೆಯದಾಯಿತು ಸರ್, ಹೊಸದು ಹಾಕಿಸಿ, ನಾನೇ ತಂದುಕೊಡುತ್ತೇನೆ’ ಎಂದ ಮಹಾನುಭಾವ.

ಕೊನೆಗೆ ಏನಾಗಿತ್ತು ಗೊತ್ತೇ? ಉದ್ದದ ವೈರಿನ ಒಂದು ತುದಿಯನ್ನು ಬ್ಯಾಟರಿಯ ಅರ್ಥಿಂಗ್ ಕಂಬಕ್ಕೆ, ಇನ್ನೊಂದನ್ನು ಹಿಂದಿನ ಲ್ಯಾಂಪಿನ ಲೋಹಕ್ಕೆ ಹಿಡಿದೆ. ಬ್ರೇಕ್, ಇಂಡಿಕೇಟರ್, ಟೈಲ್ ಲೈಟ್ ಮೂರೂ ಸರಿಯಾಗಿ ಉರಿದವು. ಲ್ಯಾಂಪ್ ಬಿಚ್ಚಿದರೆ ಸ್ಕ್ರೂ ಕೂರುವ ಜಾಗದಲ್ಲಿ ತುಕ್ಕು, ಅದರ ಮೇಲೆ ಪೇಂಟು. ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದೆ, ಮುಗಿಯಿತು. ಹೆಡ್‌ಲೈಟಿನದೂ ಅದೇ ಕಥೆ. ಬ್ಯಾಟರಿಯಲ್ಲಿ 12 ವೋಲ್ಟ್ ಇದ್ದರೆ ಬಲ್ಬಿಗೆ ತಲುಪುತ್ತಿದ್ದದ್ದು 10. ವೋಲ್ಟೇಜ್ ಶೇಕಡಾ 10 ಇಳಿದರೆ ಬೆಳಕು ಸುಮಾರು ಶೇಕಡಾ 30 ಇಳಿಯುತ್ತದೆ, ನನ್ನಲ್ಲಿ ಅರ್ಧಕ್ಕೇ ಬಂದಿತ್ತು. ಅರ್ಥಿಂಗ್ ಸ್ವಚ್ಛ ಮಾಡಿ, ಹಳೆಯ ವಾಟಿನ ಬಲ್ಬು ವಾಪಸ್ ಹಾಕಿ, ಫ್ಯೂಸ್ ಸಮೇತ ರಿಲೇ ಕೂರಿಸಿದ ಮೇಲೆ ಈಗ ಚೆನ್ನಾಗಿ ಉರಿಯುತ್ತಿದೆ.

ಹಾಗಾಗಿ, ಯಾರಾದರೂ ಕಿಟ್ ಬದಲಿಸಬೇಕು ಎಂದರೆ ಮೊದಲು ಮಲ್ಟಿಮೀಟರ್ ಹಿಡಿದು ನಿಮ್ಮೆದುರೇ ವೋಲ್ಟೇಜ್ ತೋರಿಸಲಿ. ಅರ್ಥಿಂಗ್ ಮಾತೆತ್ತಿದರೆ ನಗುವವನ ಹತ್ತಿರ ನಿಲ್ಲಲೂ ಬೇಡಿ. ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಎಂದು ಕೊಡುವ ಮುನ್ನ ಫೋಟೊ ತೆಗೆದಿಡಿ. ಕಳಚಿದ ಹಳೆಯ ವೈರು ಪೂರ್ತಿ ನಿಮ್ಮ ಕೈಗೆ ಬರಬೇಕು ಎಂದು ಮೊದಲೇ ಹೇಳಿ. ನಾನು ಕೊನೆಯ ಸಲ ಫೋನ್ ಮಾಡಿದಾಗ ಅದನ್ನೇ ಕೇಳಿದೆ: ಬದಲಿಸಿದ್ದೇ ನಿಜವಾದರೆ ತೆಗೆದ ವೈರು ಎಲ್ಲಿ? ‘ಅಯ್ಯೋ, ಅದು ಆವತ್ತೇ ಗುಜರಿಗೆ ಹೋಯಿತಲ್ಲ ಸರ್’ ಎಂದ. ನನ್ನ ಕಾರಿನಲ್ಲೇ ಕುಳಿತಿರುವ ವೈರು ಗುಜರಿಗೆ ಹೋಗಿದ್ದು ಹೇಗೆ ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟುಬಿಟ್ಟಿದ್ದ.