ಐವತ್ತು ದಾಟಿದ ಮೇಲೆ ಯಾವ ಬೈಕ್? ಸ್ಪೋರ್ಟ್ಸ್, ಕ್ರೂಸರ್, ಅಡ್ವೆಂಚರ್, ರೋಡ್‌ಸ್ಟರ್ ಓಡಿಸಿ ನೋಡಿದ ಮೇಲೆ

ಐವತ್ತು ದಾಟಿದವರು ಬೈಕ್ ತಗೊಳ್ಳಬೇಕು ಅಂದರೆ ಎಲ್ಲರೂ ಹೇಳುವುದು ಒಂದೇ ಮಾತು. "ಸ್ಪೋರ್ಟ್ಸ್ ಬೈಕ್ ಸಾಕು, ಇನ್ನು ಆರಾಮಾಗಿ ಒಂದು ಕ್ರೂಸರ್ ತಗೊಳ್ಳಿ." ಈ ಸಲಹೆಯ ಮೊದಲ ಅರ್ಧ ಹೆಚ್ಚುಕಡಿಮೆ ಸರಿ. ಎರಡನೇ ಅರ್ಧವನ್ನು ನಾನು ಒಪ್ಪುವುದಿಲ್ಲ. ನಾಲ್ಕೂ ಬಗೆಯ ಗಾಡಿಗಳನ್ನು ಈ ವಯಸ್ಸಿನಲ್ಲೇ ಬೆಳಗ್ಗಿಂದ ಸಂಜೆವರೆಗೆ ಓಡಿಸಿ ನೋಡಿದ್ದೇನೆ. ನನ್ನ ಲೆಕ್ಕದಲ್ಲಿ ಕೇಳಬೇಕಾದ ಪ್ರಶ್ನೆ ಎರಡೇ. ಓಡಿಸುತ್ತಿರುವಾಗ ಮೈ ಸ್ವಲ್ಪ ಆಚೀಚೆ ಸರಿಸೋಕೆ ಜಾಗ ಇದೆಯಾ? ಗಾಡಿ ನಿಂತಾಗ ಅದರ ಭಾರವನ್ನು ನಾವೊಬ್ಬರೇ ಹಿಡಿದು ನಿಲ್ಲಿಸಬಲ್ಲೆವಾ?

ಮೊದಲು ನಮ್ಮ ಮೈಯಲ್ಲಿ ಏನು ಬದಲಾಗುತ್ತದೆ ಅಂತ ನೋಡೋಣ. ಕಣ್ಣಿನದೇ ದೊಡ್ಡ ವಿಷಯ. ಅರವತ್ತರ ಹೊತ್ತಿಗೆ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರ ವಯಸ್ಸಿನಲ್ಲಿ ತಲುಪುತ್ತಿದ್ದುದರ ಸುಮಾರು ಮೂರನೇ ಒಂದು ಭಾಗ. ಎದುರಿನ ಹೆಡ್‌ಲೈಟ್ ಕಣ್ಣಿಗೆ ಹೊಡೆದರೆ ಮತ್ತೆ ರಸ್ತೆ ಸರಿಯಾಗಿ ಕಾಣಲು ಮೊದಲಿಗಿಂತ ಜಾಸ್ತಿ ಹೊತ್ತು ಬೇಕು. ಕತ್ತು ಮೊದಲಿನಷ್ಟು ತಿರುಗುವುದಿಲ್ಲ. ಬೆರಳಿನ ಹಿಡಿತ ಸಡಿಲವಾಗುತ್ತದೆ. ಅಪಾಯ ಕಂಡಾಗ ಕೈ ಬ್ರೇಕಿಗೆ ಹೋಗುವುದು ಒಂಚೂರು ತಡ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕ್ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕಾಲು ಸೆಕೆಂಡು ತಡವಾದರೂ 4 ಮೀಟರ್ ಹೋಯಿತು. 100ರ ವೇಗದಲ್ಲಿ ಅದೇ ಕಾಲು ಸೆಕೆಂಡಿಗೆ 7 ಮೀಟರ್, ಅಂದರೆ ಒಂದೂವರೆ ಕಾರಿನಷ್ಟು ಉದ್ದ.

ಇಷ್ಟು ತಿಳಿದುಕೊಂಡು ಸ್ಪೋರ್ಟ್ಸ್ ಬೈಕ್ ಹತ್ತಿದೆ. ತಿರುವಿನಲ್ಲಿ ಮುಂದಿನ ಟಯರ್ ಏನು ಮಾಡುತ್ತಿದೆ ಅಂತ ಅಂಗೈಗೆ ಇಷ್ಟು ಸ್ಪಷ್ಟವಾಗಿ ತಿಳಿಸುವ ಗಾಡಿ ಬೇರೆ ಇಲ್ಲ. ಆ ಸುಖ ವಯಸ್ಸಿನ ಜೊತೆ ಒಂದಿಷ್ಟೂ ಕಡಿಮೆಯಾಗಿಲ್ಲ, ಅದನ್ನು ಖುಷಿಯಿಂದಲೇ ಹೇಳುತ್ತೇನೆ. ಆದರೆ ಮುಂದಕ್ಕೆ ಬಗ್ಗಿ ಕೂರುವ ಈ ಬೈಕಿನ ಭಂಗಿ ವೇಗಕ್ಕೆಂದೇ ಮಾಡಿದ್ದು. ಜೋರಾಗಿ ಹೋಗುವಾಗ ಎದುರುಗಾಳಿ ಎದೆಯನ್ನು ಎತ್ತಿ ಹಿಡಿಯುತ್ತದೆ, ಕೈ ಹಗುರಾಗುತ್ತದೆ. ಟ್ರಾಫಿಕ್‌ನಲ್ಲಿ ನಿಧಾನವಾದ ಕೂಡಲೇ ಮೈಭಾರವೆಲ್ಲ ಮಣಿಕಟ್ಟಿನ ಮೇಲೆ. ಸ್ವಲ್ಪ ಹೊತ್ತಿಗೆ ಕಿರುಬೆರಳು, ಉಂಗುರದ ಬೆರಳು ಜುಮ್ಮೆನ್ನಲು ಶುರು. ಅಂಗೈಯ ಆ ಬದಿಯಲ್ಲಿ ಹಾದುಹೋಗುವ ನರ ಹ್ಯಾಂಡಲ್‌ಗೆ ಒತ್ತಿಕೊಳ್ಳುವುದೇ ಕಾರಣ. ಬೆನ್ನು, ಹೊಟ್ಟೆಯ ಸ್ನಾಯು ಗಟ್ಟಿಯಿದ್ದರೆ ತೊಡೆಯಿಂದ ಟ್ಯಾಂಕ್ ಒತ್ತಿ ಹಿಡಿದು ಕೈಗೆ ಬಿಡುವು ಕೊಡಬಹುದು. ನನಗೆ ಅದು ಮಧ್ಯಾಹ್ನದವರೆಗೆ ಸಾಧ್ಯವಾಯಿತು. ಆಮೇಲೆ ಕತ್ತು ಎತ್ತಿ ದೂರ ನೋಡುವುದೇ ಕಷ್ಟ. ನೋಟ ತಾನಾಗಿ ಮುಂದಿನ ಚಕ್ರದ ಹತ್ತಿರಕ್ಕೆ ಇಳಿಯುತ್ತದೆ. ಮೈ ನೋವನ್ನು ಹೇಗೋ ಸಹಿಸಬಹುದು, ನೋಟ ಹತ್ತಿರಕ್ಕೆ ಬಂದರೆ ಮಾತ್ರ ಅಪಾಯ. ಬೆಳಗಿನ ಎರಡು ಗಂಟೆಯ ಸುತ್ತಾಟಕ್ಕೆ, ರೇಸ್ ಟ್ರ್ಯಾಕಿಗೆ ಇದು ಈಗಲೂ ಸರಿ. ದಿನವಿಡೀ ಓಡಿಸಲು ಬೇಡ.

ಇನ್ನು ಎಲ್ಲರ ಮೆಚ್ಚಿನ ಕ್ರೂಸರ್. ಹೆಚ್ಚಿನವುಗಳ ಸೀಟಿನ ಎತ್ತರ 690ರಿಂದ 770 ಮಿ.ಮೀ. ಎರಡೂ ಪಾದ ಪೂರ್ತಿ ನೆಲಕ್ಕೆ ಊರುತ್ತವೆ, ಹತ್ತುವಾಗ ಕಾಲು ಎತ್ತಿ ಹಾಕುವ ಪ್ರಯಾಸ ಇಲ್ಲ. ಸೊಂಟದ ಕೀಲು ಬಿಗಿಯಾಗಿರುವವರಿಗೆ ಇದೊಂದೇ ಸಾಕು ಅನಿಸಬಹುದು. ನುಣುಪಾದ, ನೇರವಾದ ರಸ್ತೆಯಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಎಂಜಿನ್ ದುಡ್ ದುಡ್ ಅಂತ ಎಳೆಯುತ್ತಿದ್ದರೆ ಗೇರ್ ಬದಲಿಸುವ ಕೆಲಸವೇ ಇಲ್ಲ. ಅಲ್ಲಿ ಅದು ರಾಜ.

ಆದರೆ ರಸ್ತೆ ಹಾಳಾಯಿತು ಅನ್ನಿ. ಕಾಲು ಮುಂದೆ ಚಾಚಿ ಕೂತಿರುವುದರಿಂದ ಮೈಭಾರ ಪೂರ್ತಿ ಬೆನ್ನಿನ ಬುಡಕ್ಕೆ. ಗುಂಡಿ ಬಂದಾಗ ಪೆಗ್ (ಪಾದ ಇಡುವ ಕಡ್ಡಿ) ಮೇಲೆ ಕಾಲೂರಿ ಒಂಚೂರು ಏಳೋಣ ಅಂದರೆ ಆಗುವುದಿಲ್ಲ, ಕಾಲು ಮೈಯ ಕೆಳಗಿಲ್ಲವಲ್ಲ! ಎಷ್ಟೋ ಕ್ರೂಸರ್‌ಗಳಲ್ಲಿ ಹಿಂದಿನ ಸಸ್ಪೆನ್ಷನ್ ಆಡುವುದೂ ಕಮ್ಮಿ. ಹಾಗಾಗಿ ಏಟು ನೆಟ್ಟಗೆ ಬೆನ್ನುಮೂಳೆಗೆ. ಗಾಳಿ ಎದೆಗೆ ಬಡಿದು ಹಿಂದಕ್ಕೆ ತಳ್ಳುತ್ತದೆ, ಅದಕ್ಕೆ ಹ್ಯಾಂಡಲ್ ಹಿಡಿದು ಜೋತುಬಿದ್ದಂತೆ ಕೂತಿರಬೇಕು. ಸಂಜೆಗೆ ಭುಜದ ಹಿಂದೆ ನೋವು. ತೂಕದ ಕಥೆ ಇನ್ನೊಂದು. ದೊಡ್ಡ ಕ್ರೂಸರ್‌ಗಳು 250 ಕಿಲೋ ದಾಟುತ್ತವೆ, 300 ಮೀರಿದವೂ ಇವೆ. ಚಕ್ರ ಉರುಳುವಾಗ ಈ ಭಾರ ಗೊತ್ತಾಗುವುದಿಲ್ಲ. ಮುಂದಕ್ಕೆ ಇಳಿಜಾರಿರುವ ಕಡೆ ನಿಲ್ಲಿಸಿ, ಆಮೇಲೆ ಹಿಂದಕ್ಕೆ ತಳ್ಳಿ ನೋಡಿ. ಮಂಡಿ, ಸೊಂಟ ಎರಡೂ ಉತ್ತರ ಕೊಡುತ್ತವೆ. ನೋಡಲು ಆರಾಮ ಕುರ್ಚಿಯ ಹಾಗಿರುವ ಈ ಗಾಡಿಯಲ್ಲಿ ನನ್ನ ಬೆನ್ನು ಸ್ಪೋರ್ಟ್ಸ್ ಬೈಕಿಗಿಂತ ಬೇಗ ಸೋತಿತು.

ಅಡ್ವೆಂಚರ್ ಬೈಕ್ ಇದಕ್ಕೆ ಪೂರ್ತಿ ಉಲ್ಟಾ. ಬೆನ್ನು ನೆಟ್ಟಗೆ, ಹ್ಯಾಂಡಲ್ ಅಗಲ, ಮಂಡಿ ಜಾಸ್ತಿ ಮಡಚಬೇಕಿಲ್ಲ. ಸಾಕಾದಾಗ ಪೆಗ್ ಮೇಲೆ ಎದ್ದು ನಿಂತರೆ ಸೊಂಟಕ್ಕೆ ಬಿಡುವು. ಕಾರುಗಳ ನೆತ್ತಿಯ ಮೇಲಿಂದ ಮುಂದಿನ ರಸ್ತೆ ಕಾಣುತ್ತದೆ. ಬೇಗ ಕಂಡರೆ ಬೇಗ ತಯಾರಾಗಬಹುದು, ಆಗ ಕೈ ಬ್ರೇಕಿಗೆ ಹೋಗುವುದು ಕಾಲು ಸೆಕೆಂಡು ತಡವಾದರೂ ಪರವಾಗಿಲ್ಲ. ಓಡುತ್ತಿರುವಾಗ ಇಳಿ ವಯಸ್ಸಿನ ಮೈಗೆ ಇದಕ್ಕಿಂತ ಒಳ್ಳೆಯ ಭಂಗಿ ನಾನು ಕಂಡಿಲ್ಲ.

ನಿಂತಾಗಲೇ ತೊಂದರೆ. ದೊಡ್ಡವುಗಳ ಸೀಟು 850 ಮಿ.ಮೀ. ಮೇಲೆ. 20 ಲೀಟರ್ ಪೆಟ್ರೋಲ್ ಅಂದರೆ ಸುಮಾರು 15 ಕಿಲೋ, ಅದೂ ಮೇಲ್ಗಡೆ. ಜಲ್ಲಿ ಚೆಲ್ಲಿದ ರಸ್ತೆ ಬದಿಯಲ್ಲಿ ನಿಲ್ಲಿಸಿ ಕಾಲಿಡುವಾಗ ನೆಲ ಅಂದುಕೊಂಡದ್ದಕ್ಕಿಂತ ನಾಲ್ಕು ಬೆರಳು ಕೆಳಗಿದ್ದರೆ ಮುಗಿಯಿತು. ಗಾಡಿ ಆ ಕಡೆಗೆ ವಾಲುತ್ತದೆ, ಒಂದು ಹಂತ ದಾಟಿದರೆ ಹಿಡಿದು ನಿಲ್ಲಿಸಲು ಹೋಗಲೇಬಾರದು. ಭುಜ, ಮಂಡಿ ಉಳುಕುವುದು ಅಲ್ಲೇ. ಹಿಂದೆ ಪೆಟ್ಟಿಗೆ ಕಟ್ಟಿದ್ದರೆ ಅದರ ಮೇಲಿಂದ ಕಾಲು ದಾಟಿಸುವುದೂ ಒಂದು ಸಾಹಸ. 200 ಕಿಲೋ ಒಳಗಿನ ಸಣ್ಣ ಅಡ್ವೆಂಚರ್ ಬೈಕ್‌ಗಳಲ್ಲಿ ಈ ಕಷ್ಟ ಬಹಳ ಕಡಿಮೆ. ಈ ಬಗೆ ಇಷ್ಟವಾದವರು ಅವುಗಳನ್ನೇ ನೋಡಿ.

ನಾನು ಆರಿಸಿದ್ದು ರೋಡ್‌ಸ್ಟರ್. ಯಾವ ಅಲಂಕಾರವೂ ಇಲ್ಲದ ಸಾದಾ ಬೈಕ್. 180 ಕಿಲೋ ಆಸುಪಾಸು, ಸೀಟು 800 ಮಿ.ಮೀ. ಹತ್ತಿರ, ಪಾದ ಮೈಯ ಕೆಳಗೇ ಇರುತ್ತದೆ, ಹ್ಯಾಂಡಲ್‌ಗಾಗಿ ಬಗ್ಗಬೇಕಿಲ್ಲ. ಗುಂಡಿ ಬಂದರೆ ಸೀಟಿನಿಂದ ಒಂದಿಂಚು ಎದ್ದರೆ ಸಾಕು. ತಳ್ಳುವುದು, ತಿರುಗಿಸುವುದು, ಗಲ್ಲಿಯಲ್ಲಿ ಯೂ-ಟರ್ನ್ ಹೊಡೆಯುವುದು ಎಲ್ಲ ಸಲೀಸು. ಗಾಳಿ ಹೊಡೆತ ಇದರ ದೊಡ್ಡ ಕೊರತೆ, ಒಂದು ಚಿಕ್ಕ ವಿಂಡ್‌ಸ್ಕ್ರೀನ್ ಹಾಕಿದರೆ ಎದೆ ಮಟ್ಟಿಗೆ ಸರಿಹೋಗುತ್ತದೆ.

ಇದನ್ನು ಆರಿಸಲು ಆರಾಮಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನನ್ನ ಖುಷಿಯ ಜಾಗವೇ ಬದಲಾಗಿದೆ. ಮೂವತ್ತರಲ್ಲಿ ತಿರುವಿನ ಬಾಯಿವರೆಗೂ ವೇಗ ಇಟ್ಟುಕೊಂಡು ಕೊನೇ ಕ್ಷಣಕ್ಕೆ ಬ್ರೇಕ್ ಒತ್ತುವುದೇ ಮಜಾ. ಈಗ ತಿರುವಿಗೆ ಮೊದಲೇ ವೇಗ ಇಳಿಸುತ್ತೇನೆ. ಗೇರ್ ಅಲ್ಲೇ ಬದಲಾಯಿಸಿ ಮುಗಿದಿರುತ್ತದೆ. ಬಾಗುವಾಗ ಥ್ರಾಟಲ್ ಸಣ್ಣಗೆ ತೆರೆದೇ ಇರುತ್ತದೆ, ಆಗ ಭಾರ ಒಂಚೂರು ಹಿಂದಿನ ಟಯರಿಗೆ ಸರಿದು ಗಾಡಿ ಅಲುಗಾಡದೆ ಗೆರೆ ಹಿಡಿಯುತ್ತದೆ. ಕಣ್ಣು ತಿರುವು ಮುಗಿಯುವ ಜಾಗದಲ್ಲಿ. ಘಾಟಿಯಲ್ಲಿ ಬ್ರೇಕ್ ಮುಟ್ಟದೆ ನಾಲ್ಕಾರು ತಿರುವುಗಳನ್ನು ಒಂದಕ್ಕೊಂದು ಹೊಂದಿಸಿ ದಾಟಿದಾಗ ಆಗುವ ಸಂತೋಷ ಮೂವತ್ತರಲ್ಲಿ ನನಗೆ ಗೊತ್ತೇ ಇರಲಿಲ್ಲ. ಇದಕ್ಕೆ ಶಕ್ತಿ ಜಾಸ್ತಿ ಬೇಡ. 40 ಹಾರ್ಸ್‌ಪವರ್ ಇದ್ದರೂ ಧಾರಾಳ. ಹಗುರವಾದ, ಹೇಳಿದಂತೆ ಕೇಳುವ ಗಾಡಿ ಬೇಕು. ಸ್ಪೋರ್ಟ್ಸ್ ಬೈಕಿನಲ್ಲಿ ಈ ವೇಗ ಸಪ್ಪೆ ಅನಿಸುತ್ತದೆ. ಕ್ರೂಸರ್ ಬಾಗಿಸಿದ ಸ್ವಲ್ಪದಕ್ಕೇ ಪೆಗ್ ನೆಲಕ್ಕೆ ಉಜ್ಜುತ್ತದೆ.

ಯಾವ ಬಗೆ ತಗೊಂಡರೂ ಎಬಿಎಸ್ ಇಲ್ಲದ್ದು ಬೇಡ. 1988ರಲ್ಲಿ ಬಿಎಂಡಬ್ಲ್ಯು ಇದನ್ನು ಕೆ100 ಬೈಕಿಗೆ ಹಾಕಿದಾಗ ದುಬಾರಿ ವಸ್ತು, ಈಗ ಸಣ್ಣ ಬೈಕ್‌ಗಳಲ್ಲೂ ಬರುತ್ತದೆ. ಎಬಿಎಸ್ ಇದ್ದರೆ ಗಾಬರಿಯಲ್ಲಿ ಬ್ರೇಕ್ ಜೋರಾಗಿ ಒತ್ತಿದರೂ ಚಕ್ರ ಲಾಕ್ ಆಗುವುದಿಲ್ಲ. ಬೆರಳು ನೋಯುವವರು ಅಸಿಸ್ಟ್ ಕ್ಲಚ್ ಇರುವುದನ್ನೇ ಹುಡುಕಿ, ಲಿವರ್ ನಿಜಕ್ಕೂ ಹಗುರ. ಕ್ಲಚ್ ಲಿವರೇ ಬೇಡ ಅಂದರೆ ಹೋಂಡಾದವರ ಡಿಸಿಟಿ (ತಾನೇ ಗೇರ್ ಬದಲಿಸುವ ಗೇರ್ ಬಾಕ್ಸ್) ಇದೆ, ಆದರೆ ಅದರಿಂದ ತೂಕ ಹೆಚ್ಚುತ್ತದೆ. ಇನ್ನು ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ. ಹೆಲ್ಮೆಟ್ ಒಳಗಿನ ಗಾಳಿಯ ಸದ್ದು ದಣಿವಿಗೆ ದೊಡ್ಡ ಕಾರಣ. ರಾತ್ರಿ ಕಪ್ಪು ವೈಸರ್ ಬೇಡವೇ ಬೇಡ.

ಟೆಸ್ಟ್ ರೈಡಿಗೆ ಹೋದಾಗ ಸುಮ್ನೆ ನೇರ ರಸ್ತೆಯಲ್ಲಿ ಎಳೆದು ವಾಪಸ್ ಬರಬೇಡಿ. ಎಂಜಿನ್ ಆಫ್ ಮಾಡಿ, ಸೀಟಿನ ಮೇಲೆ ಕೂತೇ ಹಿಂದಕ್ಕೆ ತಳ್ಳಿ. ನೀವು ದಿನಾ ಹಾಕುವ ಕನ್ನಡಕದಲ್ಲಿ ಮೀಟರ್ ಓದಲು ಬರುತ್ತದಾ ನೋಡಿ. ಕತ್ತು ತಿರುಗಿಸಿ ಭುಜದ ಮೇಲಿಂದ ಹಿಂದಿನ ರಸ್ತೆ ನೋಡಿ. ಒಂದು ಗುಂಡಿ ಹುಡುಕಿ, ಪೆಗ್ ಮೇಲೆ ಎದ್ದು ದಾಟಿ. ಸಾಧ್ಯವಾದರೆ ಒಂದು ದಿನಕ್ಕೆ ಬಾಡಿಗೆಗೆ ತಗೊಂಡು ಓಡಿಸಿ, ಮಾರನೇ ಬೆಳಗ್ಗೆ ಮೈ ಏನು ಹೇಳುತ್ತದೆ ಕೇಳಿ, ಆಮೇಲೆ ದುಡ್ಡು ಕಟ್ಟಿ.