ತಲೆ ಸವೆದ ಬೋಲ್ಟ್: ಎಣ್ಣೆ, ಸಾಕೆಟ್, ಎಕ್ಸ್‌ಟ್ರಾಕ್ಟರ್, ವೆಲ್ಡಿಂಗ್

ಕುಮಟಾದಲ್ಲಿ ಹಲವು ವರ್ಷ ಓಡಿದ್ದ ಹಳೆಯ ಮಾರುತಿ 800 ಒಂದನ್ನು ಕೊಂಡು ಹುಬ್ಬಳ್ಳಿಗೆ ತಂದಾಗ, ಅದರ ಎಂಜಿನ್ನಿಗಿಂತ ಅಡಿಭಾಗದ ಬೋಲ್ಟುಗಳೇ ನನ್ನನ್ನು ಹೆಚ್ಚು ಕಾಡಿಸುತ್ತವೆಂದು ನಾನು ಎಣಿಸಿರಲಿಲ್ಲ. ಸೈಲೆನ್ಸರ್ ಬಿಚ್ಚಲು ಕುಳಿತ ಮೊದಲ ಭಾನುವಾರವೇ ಎರಡು ಬೋಲ್ಟುಗಳು ಸ್ಲಿಪ್ ಆದವು, ಅಂದರೆ ಪಾನಾ ಜಾರಿ ತಲೆಯ ಮೂಲೆಗಳು ಸವೆದವು. ಕರಾವಳಿಯ ಉಪ್ಪುಗಾಳಿಯ ಪಾಲು ಅದರಲ್ಲಿ ಇದ್ದೇ ಇತ್ತು, ಆದರೆ ಉಳಿದ ತಪ್ಪು ನನ್ನದು. 8 ಮಿ.ಮೀ. ದಪ್ಪದ ಈ ಬೋಲ್ಟುಗಳ ತಲೆ ಜಪಾನಿ ಪದ್ಧತಿಯಂತೆ 12 ಮಿ.ಮೀ. ಇರುತ್ತದೆ, ನಾನು ಕೈಗೆ ಸಿಕ್ಕ ಅರ್ಧ ಇಂಚಿನ, ಅಂದರೆ 12.7 ಮಿ.ಮೀ.ನ ರಿಂಗ್ ಪಾನಾ ಹಾಕಿ ತಿರುಗಿಸಿದ್ದೆ.

ಅಲ್ಲಿಂದ ಈಚೆಗೆ ನಾನು ಪ್ರಯತ್ನಿಸಿದ ಉಪಾಯಗಳಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು ಎಣ್ಣೆ. ಎಡ ಮತ್ತು ಬಲ ಶಾಕ್ ಅಬ್ಸಾರ್ಬರ್‌ಗಳ ಕೆಳಗಿನ ಬೋಲ್ಟುಗಳು ಒಂದೇ ಬಗೆಯಲ್ಲಿ ತುಕ್ಕು ಹಿಡಿದಿದ್ದರಿಂದ, ಒಂದಕ್ಕೆ ಅಂಗಡಿಯ ಸ್ಪ್ರೇಯನ್ನೂ ಇನ್ನೊಂದಕ್ಕೆ ಚಿಮಣಿ ಎಣ್ಣೆಯಲ್ಲಿ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿದ್ದನ್ನೂ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಎರಡೂ ಹೆಚ್ಚುಕಡಿಮೆ ಒಂದೇ ಬಲಕ್ಕೆ ಬಿಟ್ಟುಕೊಟ್ಟವು. ಬೋಲ್ಟಿನ ತಲೆಯ ಮೇಲೆ ಸುತ್ತಿಗೆಯಿಂದ ನಾಲ್ಕಾರು ಏಟು ಕೊಟ್ಟು ತುಕ್ಕಿನ ಹಿಡಿತ ಸಡಿಲಿಸಿದ ಬಳಿಕ ಹಾಕಿದ ಎಣ್ಣೆ ಮಾತ್ರ, ಸುಮ್ಮನೆ ಸುರಿದದ್ದಕ್ಕಿಂತ ಚೆನ್ನಾಗಿ ಒಳಗಿಳಿಯುತ್ತದೆ. ಆದರೆ ತಲೆ ಆಗಲೇ ದುಂಡಗಾಗಿದ್ದರೆ ಎಣ್ಣೆಯೊಂದರಿಂದ ಏನೂ ಆಗದು, ಏಕೆಂದರೆ ಹಿಡಿಯಲು ಅಂಚೇ ಉಳಿದಿರುವುದಿಲ್ಲ.

ಅಂಥ ತಲೆಗೆ ನಾನು ಮೊದಲು ವೈಸ್ ಗ್ರಿಪ್ (ಹಿಡಿದ ಮೇಲೆ ಬಿಗಿಯಾಗಿ ಲಾಕ್ ಆಗುವ ಇಕ್ಕಳ) ಹಾಕಿ ನೋಡಿದೆ. ಕಾರಿನ ಕೆಳಗೆ ಅದರ ಹಿಡಿ ಆಡಿಸಲು ಜಾಗವಿರಲಿಲ್ಲ, ಮತ್ತು ಪ್ರತಿ ಸಲ ಜಾರಿದಾಗಲೂ ತಲೆ ಇನ್ನಷ್ಟು ಸವೆಯಿತು. ಅದಕ್ಕಿಂತ ಎಷ್ಟೋ ಮೇಲಾದದ್ದು ಆರು ಮೂಲೆಯ 11 ಮಿ.ಮೀ. ಸಾಕೆಟ್ಟನ್ನು ಸವೆದ ತಲೆಯ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಕೂರಿಸುವುದು. ಹನ್ನೆರಡು ಮೂಲೆಯ ಸಾಕೆಟ್ ಅಂಚಿನ ತುದಿಯನ್ನಷ್ಟೇ ಹಿಡಿಯುತ್ತದೆ. ಆರು ಮೂಲೆಯದು ಸಪಾಟು ಮೈಯನ್ನು ಅಗಲವಾಗಿ ಹಿಡಿಯುತ್ತದೆ. ಸೈಲೆನ್ಸರಿನ ಒಂದು ಬೋಲ್ಟ್ ಹೀಗೆಯೇ ಹೊರಬಂತು, ಆದರೆ ಬೋಲ್ಟನ್ನು ಸಾಕೆಟ್ಟಿನಿಂದ ಬಿಡಿಸಲು ಮತ್ತೆ ಅರ್ಧ ತಾಸು ಹಿಡಿಯಿತು.

ಇನ್ನೊಂದು ಬೋಲ್ಟಿನ ತಲೆ ತುಂಡಾಗಿ ಹೋಯಿತು. ಆಗ ನಾನು ಎಕ್ಸ್‌ಟ್ರಾಕ್ಟರ್ ಸೆಟ್ ಕೊಂಡೆ. ಬೋಲ್ಟಿನ ನಡುವೆ ರಂಧ್ರ ಕೊರೆದು, ಎಡಸುತ್ತಿನ ಆ ಮೊನೆಯನ್ನು ತಿರುಗಿಸಿದರೆ ಬೋಲ್ಟ್ ಸುರುಳಿಬಿಚ್ಚಿ ಬರುತ್ತದೆ ಎಂಬ ಯುಕ್ತಿ ಕಾಗದದ ಮೇಲೆ ಬಹಳ ಚೆಂದ. ನನ್ನ ಕೈಯಲ್ಲಿ ರಂಧ್ರ ಕೊಂಚ ವಾರೆಯಾಯಿತು, ಎಕ್ಸ್‌ಟ್ರಾಕ್ಟರ್ ಒಳಗೇ ಮುರಿಯಿತು. ಅದು ಕಾಠಿಣ್ಯ ಕೊಟ್ಟ ಉಕ್ಕು. ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕಚ್ಚುವುದೇ ಇಲ್ಲ. ಮೊದಲಿದ್ದ ಒಂದು ಸಮಸ್ಯೆ ಎರಡಾಯಿತು. ಎಡಗಡೆಗೆ ಕೊರೆಯುವ ಡ್ರಿಲ್ ಬಿಟ್ಟನ್ನು ಮೊದಲೇ ಬಳಸಿದ್ದರೆ, ಕೊರೆಯುವಾಗಲೇ ಬೋಲ್ಟ್ ತಿರುಗಿ ಬರುವ ಸಾಧ್ಯತೆಯಾದರೂ ಇತ್ತು.

ಕೊನೆಗೆ ಕಾರನ್ನು ಗೋಕುಲ ರಸ್ತೆಯ ಕಡೆಯ ಒಂದು ಗ್ಯಾರೇಜಿಗೆ ಒಯ್ದೆ. ಮಿಸ್ತ್ರಿ ಬಗ್ಗಿ ನೋಡಿ, “ಮೊದಲ ಇಲ್ಲಿ ತಂದಿದ್ರ ಹತ್ತು ನಿಮಿಷದ ಕೆಲಸ ಇತ್ತಲ್ರೀ ಸರ್” ಎಂದ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಉಳಿದ ತುಂಡಿನ ಮೇಲೆ ದೊಡ್ಡ ನಟ್ ಒಂದನ್ನಿಟ್ಟು, ಅದರ ಒಳಗಿನಿಂದ ವೆಲ್ಡಿಂಗ್ ತುಂಬಿದ. ಮೊದಲ ಸಲ ನಟ್ ಕಿತ್ತುಬಂತು. ಎರಡನೆಯ ಸಲ, ಕೆಂಪಾದ ಲೋಹ ಕಪ್ಪಾಗುವವರೆಗೆ ಕಾದು ಹಿಂದೆಮುಂದೆ ಅಲುಗಾಡಿಸಿದಾಗ ತುಂಡು ಸಲೀಸಾಗಿ ತಿರುಗಿತು. ಇಲ್ಲಿ ನಟ್ ಹಿಡಿಯಾಗುತ್ತದೆ, ಆದರೆ ನಿಜವಾದ ಕೆಲಸ ಮಾಡುವುದು ಶಾಖ: ಕಾದು ಹಿಗ್ಗಿ, ಆರಿ ಕುಗ್ಗಿದ ಉಕ್ಕು ಥ್ರೆಡ್ಡುಗಳ ನಡುವಿನ ತುಕ್ಕನ್ನು ಒಡೆದಿರುತ್ತದೆ. ಈ ನಾಲ್ಕರಲ್ಲಿ ನಾನು ಹಣ ಕೊಡಲು ಹಿಂದೆಮುಂದೆ ನೋಡದ ದಾರಿ ಇದೊಂದೇ. ಪೆಟ್ರೋಲ್ ಪೈಪು, ರಬ್ಬರ್ ಬುಶ್ ಇರುವ ಕಡೆ ಮಾತ್ರ ಇದು ಬೇಡ. ಅಲ್ಲಿ ಸಾಕೆಟ್ ಬಡಿಯುವುದೇ ಸರಿ.

ಬೋಲ್ಟ್ ಬಂದರೂ ರಂಧ್ರದ ಥ್ರೆಡ್ ಹೋಗಿದ್ದರೆ 10 ಮಿ.ಮೀ. ಬೋಲ್ಟಿಗೆ ಟ್ಯಾಪ್ ಹೊಡೆಯುವುದು, ಅಂದರೆ ದೊಡ್ಡ ಅಳತೆಯ ಹೊಸ ಥ್ರೆಡ್ ಕೊರೆಯುವುದು ಸುಲಭ, ಆದರೆ ಎದುರಿನ ಫ್ಲ್ಯಾಂಜಿನ ರಂಧ್ರವನ್ನೂ ದೊಡ್ಡದು ಮಾಡಬೇಕಾಗುತ್ತದೆ. ಆದ್ದರಿಂದ ನಾನು ಹೆಲಿಕಾಯಿಲ್, ಅಂದರೆ ರಂಧ್ರದೊಳಗೆ ಕೂತು ಹಳೆಯ ಅಳತೆಯದೇ ಥ್ರೆಡ್ ಕೊಡುವ ತಂತಿಯ ಸುರುಳಿ, ಹಾಕಿಸಿಕೊಂಡೆ. ಹಳೆಯ 12ರ ಪಾನಾವೇ ಅಲ್ಲಿ ಈಗಲೂ ಸರಿಹೋಗುತ್ತದೆ, ಮತ್ತು ಅರ್ಧ ಇಂಚಿನ ರಿಂಗ್ ಪಾನಾವನ್ನು ಪೆಟ್ಟಿಗೆಯಿಂದ ತೆಗೆದು ಅಟ್ಟದ ಮೇಲೆ ಇಟ್ಟಿದ್ದೇನೆ.